ಬೆಕ್ಕಿನ ತಪ್ಪಿಗೆ ಕೌದಿಗೇಕೆ ಶಿಕ್ಷೆ?

ಸೆಮಿಸ್ಟರ್ ಪರೀಕ್ಷೆ ಮುಗಿಸಿ ಊರಿಗೆ ಹೋದವಳು ಹೊಸ್ತಿಲಲ್ಲೇ ಮೂಗು ಮುಚ್ಚಿಕೊಂಡೆ. ಆಷಾಢದ ಜಿಟಿಜಿಟಿ ಮಳೆ ಹಿಡಿದು ನಾಲ್ಕು ದಿನವಾಗಿತ್ತು. ಕಿಟಕಿ ಮುಚ್ಚಿದ್ದ ಮನೆಯೊಳಗೆ ಕಣ್ಣು ಉರಿಯುವಂಥ ಘಾಟು. ‘ಏನವ್ವ ಇದು ನಾತ?’ ಅಂದೆ. ‘ಮತ್ತೇನ, ನಿನ್ನ ಮುದ್ದಿನ ಬೆಕ್ಕಿಂದ ಕೆಲಸ. ಆಯಿ ಕೌದಿ ಮ್ಯಾಲೆ ಉಚ್ಚಿ ಹೊಯ್ದೈತಿ. ಎರಡು ಸಲ ಒಗದೇನಿ, ನಾತ ಹೋಗವಲ್ದು’ ಎಂದು ಅವ್ವ ಹಣೆ ಚಚ್ಚಿಕೊಂಡಳು.

ಅಪ್ಪನ ತೀರ್ಪು ಆಗಲೇ ಬಂದಾಗಿತ್ತು. ‘ಕೌದಿ ತಿಪ್ಪಿಗೆ ಹಾಕ್ರಿ. ಬೆಕ್ಕನ್ನ ಚೀಲದಾಗ ಹಾಕ್ಕೊಂಡು ಹೊಳಿ ಆಚೆ ಬಿಟ್ಟು ಬರ್ತೇನಿ.’ ಒಂದೇ ಮಾತಿನಲ್ಲಿ ಎರಡು ಗಡೀಪಾರು!

ಆಯಿ ಅಂದರೆ ನನ್ನ ಅಜ್ಜಿ. ಅವಳು ಹೋಗಿ ಮೂರು ವರ್ಷ. ಕಣ್ಣಿಗೆ ಪೊರೆ ಬರುವ ಮುಂಚೆ ಹೊಲಿದ ಕೊನೆಯ ಕೌದಿ ಅದು. ಉತ್ತರ ಕರ್ನಾಟಕದವರಿಗೆ ಕೌದಿ ಎಂದರೇನೆಂದು ಹೇಳಬೇಕಿಲ್ಲ. ಉಳಿದವರಿಗೆ ಹೇಳುವುದಾದರೆ, ಹಳೆಯ ಸೀರೆ, ಧೋತರ, ಲಂಗಗಳನ್ನು ಪದರ ಪದರವಾಗಿ ಹಾಸಿ, ಕೈಯಿಂದ ಸಾಲು ಹೊಲಿಗೆ ಹಾಕಿ ಮಾಡುವ ಹೊದಿಕೆ. ನಮ್ಮ ಕೌದಿಯಲ್ಲಿ ಅಜ್ಜನ ಬಿಳಿ ಧೋತರವಿದೆ, ಅವ್ವ ಮೂರನೇ ಇಯತ್ತೆಯಲ್ಲಿ ಉಟ್ಟ ಹಸಿರು ಲಂಗವಿದೆ, ಒಂದು ಮೂಲೆಯಲ್ಲಿ ಆಯಿಯ ಮದುವೆಯ ಇಳಕಲ್ ಸೀರೆಯ ರೇಷ್ಮೆ ಸೆರಗಿನ ತುಂಡಿದೆ. ನಮ್ಮ ಮನೆಯಲ್ಲಿ ಆಲ್ಬಂ ಇರಲಿಲ್ಲ. ಯಾವ ತುಂಡು ಯಾರದು ಎಂದು ಆಯಿ ತೋರಿಸುತ್ತಿದ್ದ ಕೌದಿಯೇ ನಮ್ಮ ಆಲ್ಬಂ. ಅದನ್ನು ತಿಪ್ಪೆಗೆ ಹಾಕುವುದೆಂದರೆ ನನಗೆ ಆಗದ ಮಾತು. ‘ಎಂಟು ದಿನ ಟೈಮ್ ಕೊಡು ಅಪ್ಪ, ಆಮೇಲೆ ನೀ ಹೇಳಿದ ಹಂಗ’ ಎಂದು ಜಾಮೀನು ಪಡೆದೆ.

ಆ ಎಂಟು ದಿನ ನನಗೆ ಕಲಿಸಿದ್ದನ್ನು ಹೇಳಲು ಈ ಬರಹ. ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳುವವರು ನಾವು. ವಾಸನೆ ಬಂದ ಕೂಡಲೇ ವಸ್ತುವನ್ನು ಬಿಸಾಡುತ್ತೇವೆ, ಇಲ್ಲವೇ ಸುಗಂಧ ಹೊಡೆದು ಮುಚ್ಚುತ್ತೇವೆ. ಆ ವಾಸನೆ ಯಾವುದರಿಂದ ಬಂತು ಎಂದು ಒಮ್ಮೆಯೂ ಕೇಳುವುದಿಲ್ಲ. ಕೇಳಿದರೆ ಕೌದಿಯೂ ಉಳಿಯುತ್ತದೆ, ಬೆಕ್ಕೂ ಉಳಿಯುತ್ತದೆ.

ಮೊದಲು ನಮ್ಮ ಮನೆಯವರೆಲ್ಲ ಸೇರಿ ಮಾಡಿದ ತಪ್ಪುಗಳನ್ನು ಒಪ್ಪಿಕೊಳ್ಳುತ್ತೇನೆ. ಅವ್ವ ಹಂಡೆಯ ಬಿಸಿನೀರು ಸುರಿದು ಒಗೆದಿದ್ದಳು. ಬೆಕ್ಕಿನ ಮೂತ್ರದಲ್ಲಿ ಪ್ರೋಟೀನ್ ಇರುತ್ತದೆ. ಬೇಯಿಸಿದ ಮೊಟ್ಟೆ ಗಟ್ಟಿಯಾಗುವ ಹಾಗೆ ಬಿಸಿನೀರಿಗೆ ಪ್ರೋಟೀನ್ ಗಟ್ಟಿಯಾಗಿ ಎಳೆಗಳಿಗೆ ಅಂಟಿಕೊಳ್ಳುತ್ತದೆ. ಕಲೆಯ ಮೇಲೆ ಇಸ್ತ್ರಿ ಎಳೆದರೂ ಇದೇ ಕತೆ. ಎರಡನೇ ಸಲ ಅವ್ವ ಫಿನಾಯಿಲ್ ಹಾಕಿದ್ದಳು. ಫೀನಾಲ್ ಜಾತಿಯ ವಸ್ತುಗಳನ್ನು ಮೈಯಿಂದ ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಬಹಳ ಕಡಿಮೆ. ಫಿನಾಯಿಲ್ ಮೆಟ್ಟಿದ ಪಾದವನ್ನು ಅದು ನೆಕ್ಕಿಕೊಂಡರೆ ವಿಷವೇರುತ್ತದೆ. ಮೂರನೆಯ ತಪ್ಪು ನನ್ನದು. ಬಂದ ದಿನವೇ ಹಾಸ್ಟೆಲ್ ಬ್ಯಾಗಿನಿಂದ ಬಾಡಿ ಸ್ಪ್ರೇ ತೆಗೆದು ಅರ್ಧ ಬಾಟಲಿ ಹೊಡೆದೆ. ಸಂಜೆಯವರೆಗೆ ಮಲ್ಲಿಗೆ, ರಾತ್ರಿಗೆ ಮಲ್ಲಿಗೆ ಮತ್ತು ಬೆಕ್ಕು ಎರಡೂ. ಬೆಳಗ್ಗೆ ಬೆಕ್ಕೊಂದೇ!

ನಾಲ್ಕನೆಯದು ಸ್ವಲ್ಪದರಲ್ಲೇ ತಪ್ಪಿತು. ಪಕ್ಕದ ಮನೆಯ ಅತ್ತಿ ‘ಬ್ಲೀಚಿಂಗ್ ಪುಡಿ ಹಾಕ್ರಿ, ಎಲ್ಲಾ ಸಾಯ್ತೈತಿ’ ಎಂದು ಡಬ್ಬಿ ಹಿಡಿದೇ ಬಂದಿದ್ದರು. ಸಾಯುವುದು ವಾಸನೆಯಲ್ಲ, ನಾವೇ. ಮೂತ್ರದ ಅಮೋನಿಯಾ ಬ್ಲೀಚ್ ಜೊತೆ ಸೇರಿದರೆ ಕ್ಲೋರಮೈನ್ ಎಂಬ ಅನಿಲ ಹುಟ್ಟುತ್ತದೆ. ಬಾಗಿಲು ಮುಚ್ಚಿದ ಬಚ್ಚಲಿನಲ್ಲಿ ಅದನ್ನು ಉಸಿರಾಡಿದರೆ ಕೆಮ್ಮು, ಎದೆಯುರಿ, ಉಸಿರುಕಟ್ಟು ಗ್ಯಾರಂಟಿ. ಬೆಕ್ಕಿನ ಮೂತ್ರಕ್ಕೆ ಬ್ಲೀಚ್ ಯಾವತ್ತೂ ಹಾಕಬೇಡಿ.

ಅವ್ವ ಆಗ ಒಂದು ಮಾತು ಅಂದಳು. ‘ನಾಕು ವರ್ಷ ಲಕ್ಷಗಟ್ಟಲೆ ಫೀ ಕಟ್ಟಿ ಏನ್ ಓದ್ತೀಯವಾ? ಒಂದು ನಾತ ತೆಗಿಯಾಕ ಬರೂದಿಲ್ಲ.’ ತಮಾಷೆಗೆ ಅಂದದ್ದೇ, ಆದರೂ ಚುಚ್ಚಿತು. ಮೊದಲ ವರ್ಷದ ಕೆಮಿಸ್ಟ್ರಿ ಸೈಕಲ್‌ನಲ್ಲಿ ನನಗೆ ಒಳ್ಳೆಯ ಮಾರ್ಕ್ಸ್ ಬಂದಿತ್ತು. ಪರೀಕ್ಷೆಯ ಹಾಲ್‌ನಿಂದ ಹೊರಗೆ ಬರುವಾಗ ಅದನ್ನೆಲ್ಲ ಅಲ್ಲೇ ಬಿಟ್ಟು ಬಂದಿದ್ದೆ. ಅಂದು ರಾತ್ರಿ ಹಳೆಯ ನೋಟ್ಸ್ ತೆಗೆದೆ, ಮೊಬೈಲಿನಲ್ಲಿ ಒಂದಿಷ್ಟು ಓದಿದೆ.

ಯೂರಿಯಾ ನಮಗೆಲ್ಲ ಗೊತ್ತು. 1828ರಲ್ಲಿ ಜರ್ಮನಿಯ ಫ್ರೆಡ್ರಿಕ್ ವೋಲರ್ ಅದನ್ನು ಪ್ರಯೋಗಾಲಯದಲ್ಲಿ ತಯಾರಿಸಿದ ಎಂಬುದು ಪಿಯುಸಿಯ ಎರಡು ಮಾರ್ಕಿನ ಪ್ರಶ್ನೆ. ಮೂತ್ರದಲ್ಲಿರುವುದೂ ಅದೇ ಯೂರಿಯಾ. ಅದಕ್ಕೆ ತನ್ನದೇ ಆದ ನಾತವಿಲ್ಲ. ಬ್ಯಾಕ್ಟೀರಿಯಾಗಳು ಯೂರಿಯೇಸ್ ಎಂಬ ಕಿಣ್ವದಿಂದ ಅದನ್ನು ಒಡೆದಾಗ ಅಮೋನಿಯಾ ಹೊರಬರುತ್ತದೆ. ಕಣ್ಣು ಉರಿಸುವ ಘಾಟು ಅದರದ್ದು. ಈ ಯೂರಿಯೇಸನ್ನು 1926ರಲ್ಲಿ ಅಮೆರಿಕದ ಜೇಮ್ಸ್ ಸಮ್ನರ್ ಅವರೆಯ ಬಳಗಕ್ಕೆ ಸೇರಿದ ಜ್ಯಾಕ್ ಬೀನ್ ಕಾಳಿನಿಂದ ಹರಳಾಗಿ ಬೇರ್ಪಡಿಸಿದರು. ಹಾಗೆ ಹರಳುಗಟ್ಟಿದ ಮೊದಲ ಕಿಣ್ವ ಅದು. 1946ರಲ್ಲಿ ಅವರಿಗೆ ನೊಬೆಲ್‌ನಲ್ಲಿ ಪಾಲು ಸಿಕ್ಕಿತು. ನಮ್ಮ ಕೌದಿಯ ಮೇಲೆ ನಡೆಯುತ್ತಿದ್ದದ್ದು ಆ ನೊಬೆಲ್ ಕಿಣ್ವದ ಕೆಲಸವೇ!

ಆದರೆ ಯೂರಿಯಾ ನಮ್ಮ ಮೂತ್ರದಲ್ಲೂ ಇದೆ, ಎಮ್ಮೆಯ ಮೂತ್ರದಲ್ಲೂ ಇದೆ. ಬೆಕ್ಕಿನದ್ದೇ ಯಾಕೆ ಇಷ್ಟು ಘೋರ? ಒಂದು, ಸಾಕುಬೆಕ್ಕಿನ ಪೂರ್ವಜ ಒಣನಾಡಿನ ಕಾಡುಬೆಕ್ಕು. ನೀರು ಉಳಿಸಲು ಅದರ ಮೂತ್ರಪಿಂಡ ಮೂತ್ರವನ್ನು ಬಹಳ ಸಾಂದ್ರ ಮಾಡುತ್ತದೆ. ಎರಡು, ಬೆಕ್ಕಿನ ಮೂತ್ರದಲ್ಲಿ ಫೆಲಿನಿನ್ ಎಂಬ, ಗಂಧಕವಿರುವ ಅಮೈನೊ ಆಮ್ಲವಿದೆ. ಅದನ್ನು ಉಂಟುಮಾಡಲು ಕಾಕ್ಸಿನ್ ಎಂಬ ಪ್ರೋಟೀನ್ ನೆರವಾಗುತ್ತದೆ ಎಂದು ಜಪಾನಿನ ಸಂಶೋಧಕರು 2006ರಲ್ಲಿ ತೋರಿಸಿಕೊಟ್ಟರು. ಸಂತಾನಹರಣ ಮಾಡಿಸದ ಗಂಡುಬೆಕ್ಕಿನಲ್ಲಿ ಫೆಲಿನಿನ್ ಅತಿ ಹೆಚ್ಚು. ಇದು ನಿಧಾನವಾಗಿ ಒಡೆದು ಗಂಧಕದ ವಾಸನೆಯ ಅಣುಗಳನ್ನು ಬಿಡುತ್ತಾ ಹೋಗುತ್ತದೆ. ಅದಕ್ಕೇ ಮೊದಲ ದಿನಕ್ಕಿಂತ ಹತ್ತನೇ ದಿನ ನಾತ ಹೆಚ್ಚು. ಮೇಲಾಗಿ, ಎಳೆಗಳಲ್ಲಿ ಒಣಗಿ ಕೂತ ಲವಣಗಳು ಮಳೆಗಾಲದ ತೇವ ಹೀರಿಕೊಂಡಾಗ ವಾಸನೆ ಮತ್ತೆ ಏಳುತ್ತದೆ. ‘ಬಿಸಿಲಿದ್ದಾಗ ಹೋಗಿತ್ತು, ಮಳಿ ಬಂದ ಕೂಡ್ಲೆ ಬಂತು’ ಎಂದು ಅವ್ವ ಗೊಣಗುತ್ತಿದ್ದದ್ದಕ್ಕೆ ಉತ್ತರ ಇಲ್ಲಿತ್ತು.

ಅಂದರೆ ವಾಸನೆ ಒಂದಲ್ಲ, ಮೂರು ಶತ್ರುಗಳು: ಅಮೋನಿಯಾ, ಪ್ರೋಟೀನ್, ಗಂಧಕ. ಮೂರಕ್ಕೂ ಒಂದೇ ಮದ್ದು ಹುಡುಕಿದ್ದಕ್ಕೇ ನಾವು ಸೋತಿದ್ದು.

ಕೆಲಸ ಶುರುವಾಯಿತು. ಕಲೆ ಇದ್ದದ್ದು ಕೌದಿಯ ನಡುವೆ, ಸುಮಾರು ಎರಡು ಗೇಣು ಅಗಲ. ರೇಷ್ಮೆ ಸೆರಗಿನ ಮೂಲೆ ದೂರವಿತ್ತು, ಪುಣ್ಯ. ಎಲ್ಲೆಲ್ಲಿ ಹರಡಿದೆ ಎಂದು ನೋಡಲು ಅಪ್ಪನ ಅಂಗಡಿಯ, ನೋಟು ಪರೀಕ್ಷಿಸುವ ನೇರಳೆ ಟಾರ್ಚ್ ತಂದೆ. ದೀಪ ಆರಿಸಿ ಹಿಡಿದರೆ ಒಣಗಿದ ಮೂತ್ರ ಮಂಕು ಹಳದಿಯಾಗಿ ಹೊಳೆಯುತ್ತದೆ. ಅಂಚಿಗೆ ಸೀಮೆಸುಣ್ಣದಿಂದ ಗೆರೆ ಎಳೆದೆ. ಆಮೇಲೆ ಬಿಳಿ ಬಟ್ಟೆ ಒದ್ದೆ ಮಾಡಿ ಪ್ರತಿ ತುಂಡಿನ ಮೇಲೂ ಒತ್ತಿ ನೋಡಿದೆ. ಹಸಿರು ಲಂಗ ಸ್ವಲ್ಪ ಬಣ್ಣ ಬಿಟ್ಟಿತು. ಅಲ್ಲಿ ಹುಷಾರಾಗಿರಬೇಕೆಂದು ಗೊತ್ತಾಯಿತು.

ಮೊದಲು ತಣ್ಣೀರು, ಬರೀ ತಣ್ಣೀರು. ಕಲೆಯಿದ್ದ ಭಾಗವನ್ನಷ್ಟೇ ಬೋಗುಣಿಯಲ್ಲಿ ಇಳಿಬಿಟ್ಟು ನಾಲ್ಕೈದು ಸಲ ನೀರು ಬದಲಿಸಿದೆ. ತಿಕ್ಕಲಿಲ್ಲ, ಅಂಗೈಯಿಂದ ಒತ್ತಿದೆ ಅಷ್ಟೆ. ಲವಣಗಳಲ್ಲಿ ಬಹುಪಾಲು ಇದರಲ್ಲೇ ಹೋಗುತ್ತವೆ. ನಂತರ ಕಿರಾಣಿ ಅಂಗಡಿಯ ಬಿಳಿ ವಿನೆಗರ್, ಒಂದು ಪಾಲಿಗೆ ಮೂರು ಪಾಲು ನೀರು, ಅರ್ಧ ಗಂಟೆ. ಅಮೋನಿಯಾ ಪ್ರತ್ಯಾಮ್ಲ, ವಿನೆಗರ್ ಆಮ್ಲ. ಎರಡೂ ಸೇರಿದರೆ ಗಾಳಿಗೆ ಏಳದ ಲವಣವಾಗಿ ನೀರಿನಲ್ಲಿ ತೊಳೆದುಹೋಗುತ್ತದೆ. ವಿಡಿಯೊಗಳಲ್ಲಿ ವಿನೆಗರ್ ಮತ್ತು ಅಡುಗೆ ಸೋಡಾ ಒಟ್ಟಿಗೆ ಹಾಕಿ ಬುಸ್ಸೆಂದು ನೊರೆ ಬರಿಸುತ್ತಾರಲ್ಲ, ಅದು ನೋಡಲು ಚೆಂದ. ಆಮ್ಲ, ಪ್ರತ್ಯಾಮ್ಲ ಎರಡೂ ಒಂದನ್ನೊಂದು ಕೊಂದುಕೊಂಡು ಉಳಿಯುವುದು ಹೆಚ್ಚುಕಡಿಮೆ ಉಪ್ಪುನೀರು. ಸೋಡಾ ಬೇಕಿದ್ದರೆ ಕೊನೆಗೆ ಒಣ ಬಟ್ಟೆಯ ಮೇಲೆ ಉದುರಿಸಿ ಒಂದು ರಾತ್ರಿ ಬಿಟ್ಟು ಝಾಡಿಸಿ.

ವಿನೆಗರ್ ಪೂರ್ತಿ ತೊಳೆದ ಮೇಲೆ ಎರಡನೇ ಶತ್ರು. ಪೊಟ್ಟಣದ ಮೇಲೆ ‘ಎಂಜೈಮ್’ ಎಂದು ಬರೆದಿರುವ ಬಟ್ಟೆ ಸೋಪಿನ ಪುಡಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಕರಗಿಸಿ ರಾತ್ರಿಯಿಡೀ ನೆನೆಸಿದೆ. ಕಿಣ್ವಕ್ಕೆ ಅವಸರ ಆಗದು. ಐದು ನಿಮಿಷದಲ್ಲಿ ತೊಳೆದು ಬಿಟ್ಟರೆ ಅದು ಕೆಲಸ ಶುರುಮಾಡಿರುವುದೇ ಇಲ್ಲ. ಪೇಟೆಗಳಲ್ಲಿ ಸಾಕುಪ್ರಾಣಿಗಳ ಕಲೆಗೆಂದೇ ಸಿಗುವ ಕಿಣ್ವದ ದ್ರಾವಣ ಇನ್ನೂ ಒಳ್ಳೆಯದು. ಆದರೆ ನೆನಪಿರಲಿ: ರೇಷ್ಮೆ, ಉಣ್ಣೆ ಕೂಡ ಪ್ರೋಟೀನೇ. ಪ್ರೋಟೀನ್ ತಿನ್ನುವ ಕಿಣ್ವ ಕಲೆಯ ಜೊತೆ ಸೀರೆಯನ್ನೂ ತಿನ್ನುತ್ತದೆ.

ಮೂರನೆಯದು ಗಂಧಕ. ಮೆಡಿಕಲ್ ಶಾಪಿನಲ್ಲಿ ಹೈಡ್ರೋಜನ್ ಪೆರಾಕ್ಸೈಡ್ ಸಿಗುತ್ತದೆ. ಬಾಟಲಿಯ ಮೇಲೆ 6 ಪರ್ಸೆಂಟ್ ಎಂದಿದ್ದರೆ ಸಮಪಾಲು ನೀರು ಬೆರೆಸಿ 3 ಪರ್ಸೆಂಟ್ ಮಾಡಿಕೊಳ್ಳಬೇಕು. ಅದು ಗಂಧಕದ ಅಣುವಿಗೆ ಆಮ್ಲಜನಕ ಕೊಟ್ಟು ಅದರ ನಾತ ಕಳೆಯುತ್ತದೆ. ಬಟ್ಟೆಯ ಬಣ್ಣವನ್ನೂ ಕಳೆಯಬಲ್ಲದು. ಹಾಗಾಗಿ ಅಜ್ಜನ ಬಿಳಿ ಧೋತರದ ಮೇಲೆ ಮಾತ್ರ ಹತ್ತಿಯಿಂದ ಹಚ್ಚಿ, ಹತ್ತು ನಿಮಿಷಕ್ಕೆ ತೊಳೆದೆ. ಇದನ್ನು ವಿನೆಗರ್ ಜೊತೆ ಬೆರೆಸಬಾರದು, ಬೆರೆಸಿದರೆ ಚರ್ಮ ಸುಡುವ ಇನ್ನೊಂದು ಆಮ್ಲವಾಗುತ್ತದೆ. ಉಳಿದ ದ್ರಾವಣವನ್ನು ಬಿಗಿಯಾಗಿ ಮುಚ್ಚಿ ಇಡಬಾರದು, ಒಳಗೆ ಅನಿಲ ತುಂಬಿ ಬಾಟಲಿ ಸಿಡಿಯಬಹುದು. ಕೈಗವಸು ಇರಲಿ.

ಒಣಗಿಸುವುದೇ ದೊಡ್ಡ ಸಾಹಸ. ಒದ್ದೆ ಕೌದಿಯ ಭಾರಕ್ಕೆ ಹಳೆಯ ಹೊಲಿಗೆ ಕಿತ್ತುಬರುತ್ತದೆ. ಹಗ್ಗದ ಮೇಲೆ ಜೋತು ಹಾಕದೆ, ನಾನೂ ಅವ್ವನೂ ಎರಡು ಕಡೆ ಹಿಡಿದು ಹೊರಸಿನ ಮೇಲೆ ಹಾಸಿದೆವು. ಪಡಸಾಲೆಯಲ್ಲಿ ಫ್ಯಾನ್ ಹಾಕಿ ಎರಡು ದಿನ, ಮಳೆ ಹೊಳವು ಕೊಟ್ಟ ಮಧ್ಯಾಹ್ನ ಒಂದಿಷ್ಟು ಬಿಸಿಲು. ಏಳನೇ ದಿನ ಅಪ್ಪ ಬಗ್ಗಿ ಮೂಸಿ ನೋಡಿ, ಏನೂ ಹೇಳದೆ ಅಂಗಡಿಗೆ ಹೋದ. ನಮ್ಮ ಮನೆಯಲ್ಲಿ ಅದು ಪಾಸ್ ಆದ ಹಾಗೆ.

ಎಲ್ಲವೂ ಸರಿಹೋಯಿತು ಎಂದರೆ ಸುಳ್ಳಾಗುತ್ತದೆ. ಧೋತರದ ಮೇಲೆ ನಸುಹಳದಿ ಮಬ್ಬು ಉಳಿದಿದೆ. ಹಸಿರು ಲಂಗದ ಅಂಚು ಮಾಸಿದೆ. ಇನ್ನೊಂದು ಸುತ್ತು ಪೆರಾಕ್ಸೈಡ್ ಹಚ್ಚಿದ್ದರೆ ಮಬ್ಬು ಹೋಗುತ್ತಿತ್ತೇನೋ, ಎಳೆಯೂ ಹೋಗುತ್ತಿತ್ತು. ಎಲ್ಲಿ ನಿಲ್ಲಿಸಬೇಕು ಎಂದು ತಿಳಿಯುವುದೂ ಈ ಕೆಲಸದ ಭಾಗ.

ನಿಮ್ಮ ಮನೆಯಲ್ಲಿ ಕೆಟ್ಟದ್ದು ಕೌದಿ ಇರಲಾರದು. ಅಮ್ಮನ ರೇಷ್ಮೆ ಸೀರೆಯಾದರೆ ಮನೆಯಲ್ಲಿ ಪ್ರಯೋಗ ಬೇಡ. ಆಮ್ಲ ಜರಿಯನ್ನು ಕೆಡಿಸಬಹುದು. ಡ್ರೈಕ್ಲೀನಿಂಗ್‌ಗೆ ಕೊಡುವಾಗ ಇದು ಬೆಕ್ಕಿನ ಮೂತ್ರ ಎಂದು ನಾಚಿಕೆ ಬಿಟ್ಟು ಹೇಳಿ. ಮೂತ್ರದ ಲವಣ ಕರಗುವುದು ನೀರಿನಲ್ಲಿ, ಡ್ರೈಕ್ಲೀನಿಂಗ್ ದ್ರಾವಣದಲ್ಲಲ್ಲ. ಹೇಳದಿದ್ದರೆ ವಾಸನೆ ಹಾಗೆಯೇ ವಾಪಸ್ ಬರುತ್ತದೆ. ಹಳೆಯ ಫೋಟೊ ಆದರೆ ಮೊದಲು ಮೊಬೈಲಿನಲ್ಲಿ ಅದರ ಫೋಟೊ ತೆಗೆದುಕೊಳ್ಳಿ. ಸ್ಟುಡಿಯೊದಲ್ಲಿ ತೊಳೆದ ಹಳೆಯ ಪ್ರಿಂಟಿನ ಮೇಲಿರುವುದು ಜೆಲಟಿನ್ ಪದರ. ಒದ್ದೆಯಾದಾಗ ಅದು ಮೆತ್ತಗಾಗುತ್ತದೆ, ಒರೆಸಿದರೆ ಮುಖವೇ ಎದ್ದು ಬರುತ್ತದೆ. ತಣ್ಣೀರಿನಲ್ಲಿ ಮೆಲ್ಲಗೆ ಜಾಲಿಸಿ, ಚಿತ್ರ ಮೇಲೆ ಮಾಡಿ ನೆರಳಲ್ಲಿ ಒಣಗಿಸಿ. ಮನೆಯ ಇಂಕ್‌ಜೆಟ್ ಪ್ರಿಂಟ್ ಆಗಿದ್ದರೆ ನೀರು ತಾಗಿಸಲೇಬೇಡಿ, ಬಣ್ಣ ಹರಿಯುತ್ತದೆ.

ಕೆಲಸ ಹುಡುಕುತ್ತಿರುವವರಿಗೆ ಇನ್ನೊಂದು ಮಾತು. ನನ್ನ ಗೆಳತಿಯ ಅಕ್ಕನ ಸರ್ಟಿಫಿಕೇಟ್ ಫೈಲಿನ ಮೇಲೇ ಬೆಕ್ಕು ಕೂತೆದ್ದಿತ್ತು, ಅದೂ ಸಂದರ್ಶನದ ಹಿಂದಿನ ದಿನ. ಕಾಗದವನ್ನು ಉಜ್ಜಬೇಡಿ. ಹಾಳೆಗಳನ್ನು ಬಿಡಿಸಿ, ಬಿಳಿ ಟಿಶ್ಯೂ ಒತ್ತಿ ತೇವ ಹೀರಿಸಿ. ಒಣಗಿದ ಮೇಲೆ ಮುಚ್ಚಳವಿರುವ ಡಬ್ಬಿಯಲ್ಲಿ ಒಂದು ಬಟ್ಟಲು ಅಡುಗೆ ಸೋಡಾ ಇಟ್ಟು, ಅದಕ್ಕೆ ತಾಗದಂತೆ ಹಾಳೆಗಳನ್ನಿಟ್ಟು ಕೆಲವು ದಿನ ಬಿಡಿ. ಎಲ್ಲಕ್ಕಿಂತ ಮೊದಲು, ಇವತ್ತೇ, ಪ್ರತಿಯೊಂದನ್ನೂ ಸ್ಕ್ಯಾನ್ ಮಾಡಿಟ್ಟುಕೊಳ್ಳಿ. ಡಿಜಿಲಾಕರ್‌ನಲ್ಲಿ ಸಿಗುವ ಅಂಕಪಟ್ಟಿಯನ್ನು ಅಲ್ಲಿಂದ ಪಡೆದುಕೊಳ್ಳಿ. ಅಂಕಪಟ್ಟಿಗೆ ನಕಲು ಪ್ರತಿ ಸಿಗುತ್ತದೆ, ಆಯಿಯ ಹೊಲಿಗೆಗೆ ಸಿಗುವುದಿಲ್ಲ.

ಗೆಳೆಯನೊಬ್ಬ ಕೇಳಿದ: ‘ಆನ್‌ಲೈನಿನಲ್ಲಿ ಕೆಲವು ನೂರಕ್ಕೆ ಹೊಸ ಬ್ಲಾಂಕೆಟ್ ಬರುತ್ತೆ. ಒಂದು ವಾರ ಹಾಳು ಮಾಡಿಕೊಂಡೆಯಲ್ಲ?’ ಬೆಲೆಯ ಲೆಕ್ಕದಲ್ಲಿ ಅವನ ಮಾತು ಸರಿ. ಹೊದ್ದುಕೊಳ್ಳುವುದಕ್ಕಷ್ಟೇ ಆಗಿದ್ದರೆ ನಾನೂ ಹೊಸದನ್ನೇ ತರಿಸುತ್ತಿದ್ದೆ. ಎಲ್ಲ ಹಳೆಯದನ್ನೂ ಉಳಿಸಿಕೊಳ್ಳಬೇಕೆಂದು ನಾನು ಹೇಳುತ್ತಿಲ್ಲ. ಅದೇ ಬೆಕ್ಕು ಹಾಳು ಮಾಡಿದ್ದ ನನ್ನ ಹಳೆಯ ಕಾಲೊರಸನ್ನು ನಾನೇ ಬಿಸಾಡಿದೆ. ಆದರೆ ಮಾಡಿದವರು ಮತ್ತೆ ಬರಲಾರದ ವಸ್ತುವಿಗೆ ಒಂದು ವಾರ ಕೊಡುವುದು ಹಾಳು ಮಾಡಿದಂತಲ್ಲ.

ಇನ್ನು ಆರೋಪಿ ಕರಿಯನ ವಿಚಾರ. ಸೇಡಿಗೆ ಮಾಡಿತು ಎಂದು ಎಲ್ಲರೂ ಹೇಳುತ್ತಾರೆ. ಬೆಕ್ಕಿಗೆ ಸೇಡಿನ ಬುದ್ಧಿ ಇದೆಯೋ ಗೊತ್ತಿಲ್ಲ, ಅದಕ್ಕೆ ಮಣ್ಣು ಬೇಕು ಎಂಬುದಂತೂ ಗೊತ್ತು. ನಾನು ಚಿಕ್ಕವಳಿದ್ದಾಗ ನಮ್ಮ ಹಿತ್ತಲಲ್ಲಿ ಮಣ್ಣಿತ್ತು, ಒಲೆಯ ಬೂದಿ ಗುಡ್ಡೆಯಿತ್ತು. ಬೆಕ್ಕುಗಳು ಅಲ್ಲೇ ಕೆದರಿ, ಮುಗಿಸಿ, ಮುಚ್ಚಿ ಬರುತ್ತಿದ್ದವು. ಈಗ ಗ್ಯಾಸ್ ಬಂತು, ಬೂದಿ ಹೋಯಿತು. ಹಿತ್ತಲಿಗೆ ಸಿಮೆಂಟ್ ಬಿತ್ತು. ಹೊರಗೆ ಬಿಡುವಿಲ್ಲದ ಮಳೆ. ಆ ಬಡಪ್ರಾಣಿಗೆ ಕೆದರಲು ಮೆತ್ತಗೆ ಸಿಕ್ಕಿದ್ದು ಕೌದಿ ಒಂದೇ. ತಪ್ಪು ಯಾರದು?

ಇನ್ನೊಂದು ಕಾರಣವೂ ಇರಬಹುದು. ಇದ್ದಕ್ಕಿದ್ದಂತೆ ಬೆಕ್ಕು ಎಲ್ಲೆಂದರಲ್ಲಿ ಮೂತ್ರ ಮಾಡತೊಡಗಿದರೆ ಅದು ಕಾಯಿಲೆಯ ಲಕ್ಷಣವಾಗಿರಬಹುದು. ಗಂಡುಬೆಕ್ಕು ಪದೇ ಪದೇ ಕೂತು ಮುಕ್ಕಿರಿದರೂ ಮೂತ್ರ ಬರದಿದ್ದರೆ ನಾಳೆಯವರೆಗೆ ಕಾಯಬೇಡಿ. ಮೂತ್ರನಾಳ ಕಟ್ಟಿದರೆ ಒಂದೆರಡು ದಿನದಲ್ಲಿ ಜೀವವೇ ಹೋಗುತ್ತದೆ. ಗೋಡೆಗೆ ಚಿಮುಕಿಸುವ ಗಂಡುಬೆಕ್ಕಿಗೆ ಸಂತಾನಹರಣ ಚಿಕಿತ್ಸೆ ಮಾಡಿಸಿದರೆ ಬಹುಪಾಲು ಸಲ ಆ ಚಾಳಿಯೂ ನಿಲ್ಲುತ್ತದೆ, ವಾಸನೆಯೂ ಇಳಿಯುತ್ತದೆ. ಚೀಲದಲ್ಲಿ ಹಾಕಿ ಹೊಳೆಯಾಚೆ ಬಿಡುವುದು ಪರಿಹಾರವಲ್ಲ. ಸಾಕಿದ ಪ್ರಾಣಿಯನ್ನು ಹಸಿವು, ಬಾಯಾರಿಕೆಯಿಂದ ನರಳುವಂತೆ ತೊರೆಯುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ. ಕಾಯ್ದೆಯ ಮಾತು ಬಿಡಿ, ಕೈಯಿಂದ ಹಾಲು ಕುಡಿದ ಜೀವ ಅದು.

ನಾನು ಕರಿಯನನ್ನು ತಾಲ್ಲೂಕಿನ ಪಶು ಆಸ್ಪತ್ರೆಗೆ ಒಯ್ದು ತೋರಿಸಿದೆ. ಕಾಯಿಲೆ ಏನಿರಲಿಲ್ಲ. ಹಳೆಯ ಪ್ಲಾಸ್ಟಿಕ್ ಬುಟ್ಟಿಯಲ್ಲಿ ಉಸುಕು ತುಂಬಿ ಹಿತ್ತಲ ಬಾಗಿಲ ಹಿಂದೆ ಇಟ್ಟೆ. ಎರಡನೇ ದಿನವೇ ಅದಕ್ಕೆ ಅರ್ಥವಾಯಿತು. ದಿನಕ್ಕೊಮ್ಮೆ ಗಟ್ಟಿಯಾದದ್ದನ್ನು ತೆಗೆಯಬೇಕು, ವಾರಕ್ಕೊಮ್ಮೆ ಉಸುಕು ಬದಲಿಸಬೇಕು. ಇಷ್ಟೇ ಖರ್ಚು, ಇಷ್ಟೇ ಕೆಲಸ.

ನಮ್ಮ ಪಾಠಗಳಿಂದ ಏನು ಉಪಯೋಗ ಎಂದು ಕ್ಯಾಂಟೀನಿನಲ್ಲಿ ಕೂತು ಎಲ್ಲರೂ ಬೈಯುತ್ತೇವೆ, ನಾನೂ ಬೈದಿದ್ದೇನೆ. ಉಪಯೋಗ ಸಿಲೆಬಸ್‌ನಲ್ಲಿ ಬರೆದಿರುವುದಿಲ್ಲ. ಮನೆಯಲ್ಲಿ ಏನೋ ಕೆಟ್ಟು ಕೂತಾಗ, ಬಿಸಾಡುವ ಮುಂಚೆ ‘ಇದು ಏನು, ಯಾಕೆ ಹೀಗಾಯಿತು’ ಎಂದು ಕೇಳಿದವರಿಗೆ ಅದು ಸಿಗುತ್ತದೆ.

ಕಾಲೇಜು ಶುರುವಾಗಿ ಹದಿನೈದು ದಿನಕ್ಕೆ ಅವ್ವನ ಫೋನ್ ಬಂತು. ಊರಲ್ಲಿ ಮತ್ತೆ ಮಳೆ ಹಿಡಿದಿತ್ತು. ‘ಕೌದಿ ಮೂಸಿ ನೋಡಿದೆ. ನಾತ ಇಲ್ಲ ಬಿಡವಾ’ ಅಂದಳು. ‘ಕರಿಯ?’ ಅಂದೆ. ‘ಅದಕ್ಕೇನ ಧಾಡಿ? ನಿಮ್ಮಪ್ಪ ನಿನ್ನೆ ತಾನೇ ಸೈಕಲ್ ಮ್ಯಾಲೆ ಒಂದು ಚೀಲ ಉಸುಕು ಹೇರ್ಕೊಂಡು ಬಂದಾನ.’